ಚಿಟ್ಟೆಯೂ ಹುಳುವೇ: ಕರಿಬೇವಿನ ಗಿಡದ ಜಗಳಕ್ಕೊಂದು ಉತ್ತರ

ಪ್ರಶ್ನೆ: ನಮ್ಮ ಹಿತ್ತಿಲಲ್ಲಿ ಒಂದು ಕರಿಬೇವಿನ ಗಿಡ ಇದೆ. ಎರಡು ವಾರದಿಂದ ಹಸಿರು ಹುಳುಗಳು ಎಲೆ ತಿಂದು ಅರ್ಧ ಗಿಡ ಬೋಳು ಮಾಡಿವೆ. ಔಷಧಿ ಹೊಡೆಯೋಣ ಅಂತ ಹೊರಟರೆ ಐದನೇ ಕ್ಲಾಸಿನ ಮಗಳು ಅಡ್ಡ ನಿಂತಳು, ಅವು ಚಿಟ್ಟೆ ಆಗುತ್ತವೆ ಅಂತಾಳೆ. 'ಚಿಟ್ಟೆನೂ ಜಿರಳೆ, ಸೊಳ್ಳೆ ಥರ ಕೀಟವೇ ಅಲ್ವಾ?' ಅಂದೆ, ಜಗಳ ಶುರುವಾಯಿತು. ನಿಜಕ್ಕೂ ಚಿಟ್ಟೆಗೂ ಬೇರೆ ಕೀಟಗಳಿಗೂ ಏನು ವ್ಯತ್ಯಾಸ? ಪತಂಗ ಬೇರೆ, ಚಿಟ್ಟೆ ಬೇರೆಯಾ? ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ ಅನ್ನುತ್ತಾರಲ್ಲ, ಅದು ನಿಜವಾ?

ಉತ್ತರ: ಜಗಳದಲ್ಲಿ ಇಬ್ಬರೂ ಗೆದ್ದಿದ್ದೀರಿ. ಚಿಟ್ಟೆ ಕೀಟವೇ, ಆ ಮಟ್ಟಿಗೆ ನಿಮ್ಮ ಮಾತು ಸರಿ. ಗಿಡದ ಮೇಲಿರುವುದು ಬಹುಪಾಲು ಖಂಡಿತ ಚಿಟ್ಟೆಯ ಮರಿಯೇ, ಹಾಗಾಗಿ ಮಗಳ ಮಾತೂ ಸರಿ. ಕರಿಬೇವಿನ ಎಲೆ ಮುಗಿಸುವ ನುಣುಪು ಹಸಿರು ಹುಳು ಅಂದರೆ ನಮ್ಮ ಕಡೆ ಸಾಮಾನ್ಯವಾಗಿ ಎರಡರಲ್ಲೊಂದು. ನಿಂಬೆ ಚಿಟ್ಟೆ, ಇಲ್ಲವೇ ಕಾಮನ್ ಮಾರ್ಮನ್. ಎರಡರ ಮರಿಗಳೂ ಮೊದಲ ನೋಟಕ್ಕೆ ಒಂದೇ ಥರ ಕಾಣುತ್ತವೆ, ನಮ್ಮಂಥವರೂ ಒಂದು ಸಲ ಕನ್ನಡಕ ಸರಿ ಮಾಡಿಕೊಂಡು ನೋಡಬೇಕು.

ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿ. ತೆಳ್ಳಗಿನ ಕಡ್ಡಿಯಿಂದ ಹುಳುವಿನ ಬೆನ್ನನ್ನು ಮೆಲ್ಲಗೆ ಮುಟ್ಟಿ. ತಲೆಯ ಹಿಂದಿನಿಂದ ಹಾವಿನ ನಾಲಿಗೆಯ ಹಾಗೆ ಕವಲೊಡೆದ, ಕಿತ್ತಳೆಯೋ ಕೆಂಪೋ ಬಣ್ಣದ ಅಂಗವೊಂದು ಪುಸಕ್ಕನೆ ಹೊರಗೆ ಬರುತ್ತದೆ, ಜೊತೆಗೆ ಮೂಗಿಗೆ ಬಡಿಯುವ ಹುಳಿ ಘಾಟು. ಇರುವೆ, ಜೇಡಗಳನ್ನು ಓಡಿಸಲು ಅದು ಇಟ್ಟುಕೊಂಡಿರುವ ಆಯುಧ. ನಿಮಗೆ ಏನೂ ಆಗುವುದಿಲ್ಲ. ಈ ಆಯುಧ ಇರುವುದು ಚಿಟ್ಟೆಗಳಲ್ಲೂ ಒಂದೇ ಕುಟುಂಬಕ್ಕೆ, ಬಾಲದ ಚಿಟ್ಟೆಗಳು ಅಂತ ಕರೆಯುವ ಸ್ವಾಲೋಟೇಲ್ ಬಳಗಕ್ಕೆ. ಅಂದಹಾಗೆ ಹುಳುವಿನ ಮುಂಭಾಗದಲ್ಲಿ ಕಾಣುವ ಎರಡು ಕಣ್ಣು ಬರೀ ಬಣ್ಣದ ಗುರುತು. ನಿಜವಾದ ತಲೆ ಅದಕ್ಕಿಂತ ಕೆಳಗೆ ಬಗ್ಗಿಕೊಂಡು ಎಲೆ ತಿನ್ನುತ್ತಿರುತ್ತದೆ. ಎರಡು ವಾರದ ಹಿಂದೆ ಇದೇ ಎಲೆಗಳ ಮೇಲೆ ಕಂದು ಬಿಳಿ ಬಣ್ಣದ ಹಕ್ಕಿ ಹಿಕ್ಕೆ ಕಂಡಿದ್ದರೆ, ಅದು ಹಿಕ್ಕೆಯಲ್ಲ, ಇದೇ ಹುಳು ಚಿಕ್ಕದಿದ್ದಾಗ ಹಾಕಿದ್ದ ವೇಷ.

ಈಗ ಕೀಟದ ವಿಷಯ. ಆರು ಕಾಲು, ತಲೆ ಎದೆ ಹೊಟ್ಟೆ ಅಂತ ಮೂರು ಭಾಗದ ಮೈ, ಎರಡು ಮೀಸೆ, ಮೂಳೆಯ ಬದಲು ಹೊರಗಡೆ ಗಟ್ಟಿ ಕವಚ. ಇಷ್ಟಿದ್ದರೆ ಕೀಟ. ಜೇಡಕ್ಕೆ ಎಂಟು ಕಾಲು, ಆದ್ದರಿಂದ ಅದು ಕೀಟ ಅಲ್ಲ. ಚಿಟ್ಟೆಗೆ ಜಿರಳೆಯಂತೆಯೇ ಶ್ವಾಸಕೋಶ ಇಲ್ಲ, ಮೈಯ ಪಕ್ಕದಲ್ಲಿರುವ ಸಣ್ಣ ತೂತುಗಳಿಂದ ಗಾಳಿ ನೇರ ಒಳಗೆ ಹೋಗುತ್ತದೆ. ರಕ್ತವೂ ಕೆಂಪಲ್ಲ, ಯಾಕೆಂದರೆ ಆಮ್ಲಜನಕ ಹೊರುವ ಕೆಲಸ ಅದಕ್ಕಿಲ್ಲ. ಹೃದಯ ಅಂದರೆ ಬೆನ್ನಿನ ಉದ್ದಕ್ಕೂ ಇರುವ ಒಂದು ಕೊಳವೆ. ಒಳಗಿನ ಈ ವ್ಯವಸ್ಥೆ ನೊಣಕ್ಕೂ ಅದೇ, ಚಿಟ್ಟೆಗೂ ಅದೇ.

ಮಗಳು ಎಣಿಸಿ ನೋಡಿ 'ನಾಲ್ಕೇ ಕಾಲು' ಅಂತ ಓಡಿ ಬಂದರೆ ಗಾಬರಿ ಬೇಡ. ಎಕ್ಕದ ಗಿಡದ ಸುತ್ತ ಓಡಾಡುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್, ಕಣಗಿಲೆ ಗಿಡಕ್ಕೆ ಬರುವ ಕಾಮನ್ ಕ್ರೋ, ಇಂಥ ದೊಡ್ಡ ಬಳಗವೊಂದರಲ್ಲಿ ಮುಂದಿನ ಎರಡು ಕಾಲು ಕುಗ್ಗಿ ಎದೆಗೆ ಅಂಟಿಕೊಂಡಿರುತ್ತವೆ. ನಡೆಯಲು ಬಾರದ ಕಾಲುಗಳು ಅವು. ಹೆಣ್ಣು ಮೊಟ್ಟೆ ಇಡುವ ಮೊದಲು ಅದೇ ಪುಟ್ಟ ಕಾಲುಗಳಿಂದ ಎಲೆಯನ್ನು ಬಡಬಡ ಬಡಿದು ರುಚಿ ನೋಡುತ್ತದೆ. ಹೌದು, ಚಿಟ್ಟೆಗೆ ಕಾಲಲ್ಲೂ ರುಚಿ ಗೊತ್ತಾಗುತ್ತದೆ. ಇದನ್ನು ಚಿಟ್ಟೆಯ ಪವಾಡ ಅನ್ನುವ ಹಾಗೆ ಹಂಚಿಕೊಳ್ಳುತ್ತಾರೆ, ಆದರೆ ನಿಮ್ಮ ಅನ್ನದ ಮೇಲೆ ಕೂರುವ ನೊಣವೂ ಕಾಲಿನಿಂದಲೇ ರುಚಿ ನೋಡುತ್ತದೆ. ಅದರ ಬಗ್ಗೆ ಯಾರೂ ಸ್ಟೇಟಸ್ ಹಾಕುವುದಿಲ್ಲ, ಅಷ್ಟೇ.

ಹಾಗಾದರೆ ಚಿಟ್ಟೆಯದೇ ಅನ್ನುವಂಥದ್ದು ಏನು? ನನ್ನ ಲೆಕ್ಕದಲ್ಲಿ ಮೂರು. ರೆಕ್ಕೆಯ ಮೇಲಿನ ಹುರುಪೆ, ಸುರುಳಿ ಸುತ್ತಿದ ಬಾಯಿ, ಮತ್ತು ಬಾಲ್ಯದಲ್ಲಿ ಒಂದು ಗಿಡದ ಜೊತೆ ಮಾಡಿಕೊಂಡ ಒಪ್ಪಂದ. ಮೊದಲ ಎರಡು ಪತಂಗಗಳಲ್ಲೂ ಇವೆ, ಅದಕ್ಕೆ ಆಮೇಲೆ ಬರುತ್ತೇನೆ. ಮೂರನೆಯದೇ ನಿಮ್ಮ ಕರಿಬೇವಿನ ಕಥೆ.

ರೆಕ್ಕೆಯಿಂದ ಶುರು ಮಾಡೋಣ. ಚಿಟ್ಟೆಗೆ ನಾಲ್ಕು ರೆಕ್ಕೆ. ನೊಣ, ಸೊಳ್ಳೆಗೆ ಎರಡೇ, ಹಿಂದಿನ ಜೋಡಿ ಸವೆದು ಗುಂಡುಪಿನ್ನಿನಂತಾಗಿ ಹಾರಾಟದ ಸಮತೋಲ ಕಾಯುತ್ತದೆ. ಜೀರುಂಡೆಯಲ್ಲಿ ಮುಂದಿನ ಜೋಡಿ ಗಟ್ಟಿ ಮುಚ್ಚಳವಾಗಿದೆ, ಹಾರುವ ರೆಕ್ಕೆ ಅದರ ಕೆಳಗೆ ಮಡಚಿಕೊಂಡಿರುತ್ತದೆ. ಜೇನಿಗೂ ನಾಲ್ಕು, ಆದರೆ ಸಣ್ಣ ಕೊಕ್ಕೆಗಳಿಂದ ಹಿಂದಿನದನ್ನು ಮುಂದಿನದಕ್ಕೆ ಸಿಕ್ಕಿಸಿಕೊಂಡು ಒಂದೇ ರೆಕ್ಕೆಯಂತೆ ಬಳಸುತ್ತದೆ. ನಾವು ಚಿಕ್ಕವರಿದ್ದಾಗ ಏರೋಪ್ಲೇನ್ ಚಿಟ್ಟೆ ಅಂತ ಬಾಲಕ್ಕೆ ದಾರ ಕಟ್ಟುತ್ತಿದ್ದೆವಲ್ಲ, ಆ ಕೊಡತಿಯಂಥ ಕೀಟ ಚಿಟ್ಟೆಯೇ ಅಲ್ಲ, ಸಂಬಂಧವೂ ತೀರಾ ದೂರದ್ದು. ಅದು ನಾಲ್ಕೂ ರೆಕ್ಕೆಗಳನ್ನು ಬೇರೆ ಬೇರೆಯಾಗಿ ಬಡಿಯಬಲ್ಲದು, ಅದಕ್ಕೇ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ.

ಚಿಟ್ಟೆಯ ಹಾರಾಟ ಮಾತ್ರ ಕುಡಿದವರ ನಡಿಗೆಯಂತೆ ಅತ್ತಿತ್ತ. ಮೈಗೆ ಹೋಲಿಸಿದರೆ ರೆಕ್ಕೆ ತುಂಬಾ ದೊಡ್ಡದು, ಬಡಿತ ನಿಧಾನ. ಸೆಕೆಂಡಿಗೆ ಹತ್ತರ ಆಸುಪಾಸು. ಜೇನು ಸೆಕೆಂಡಿಗೆ 200ಕ್ಕಿಂತ ಜಾಸ್ತಿ ಸಲ ಬಡಿಯುತ್ತದೆ, ಸೊಳ್ಳೆ 400ಕ್ಕಿಂತ ಜಾಸ್ತಿ. ಕಿವಿ ಹತ್ತಿರ ಸೊಳ್ಳೆ ಗುಂಯ್ ಅನ್ನುವುದು, ಚಿಟ್ಟೆ ಬಂದದ್ದೇ ಗೊತ್ತಾಗದಿರುವುದು, ಎರಡಕ್ಕೂ ಕಾರಣ ಇದೇ. ಅತ್ತಿತ್ತ ಹಾರುವುದರಲ್ಲೂ ಲಾಭ ಇದೆ. ಮುಂದಿನ ಕ್ಷಣ ಎಲ್ಲಿರುತ್ತದೆ ಅಂತ ಹಕ್ಕಿಗೆ ಅಂದಾಜು ಸಿಗುವುದಿಲ್ಲ. ಬೆಳಿಗ್ಗೆ ಚಳಿಯಲ್ಲಿ ರೆಕ್ಕೆ ಬಿಚ್ಚಿ ಬಿಸಿಲಿಗೆ ಕೂತ ಚಿಟ್ಟೆ ಸೋಮಾರಿ ಅಂದುಕೊಳ್ಳಬೇಡಿ, ಮೈ ಬಿಸಿಯಾಗದೆ ಅದಕ್ಕೆ ಹಾರಲು ಆಗುವುದಿಲ್ಲ.

ಆ ಪುಡಿಯ ವಿಷಯ. ಬೆರಳಿಗೆ ಅಂಟುವ ಪುಡಿ ಅಂದರೆ ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಜೋಡಿಸಿದ ಸಣ್ಣ ಸಣ್ಣ ಹುರುಪೆಗಳು. ನಮ್ಮ ಮನೆಯಲ್ಲೂ ಅಜ್ಜಿ ಕಣ್ಣು ಹೋಗುತ್ತೆ ಅಂತ ಹೆದರಿಸುತ್ತಿದ್ದರು. ಕಣ್ಣು ಹೋಗುವುದಿಲ್ಲ. ಧೂಳು ಬಿದ್ದ ಹಾಗೆ ಉರಿಯಬಹುದು, ನೀರಲ್ಲಿ ತೊಳೆದರೆ ಆಯಿತು. ಆದರೆ ಅಜ್ಜಿಯ ಮಾತಲ್ಲಿ ಒಂದು ಎಳೆ ನಿಜವೂ ಇದೆ. ಮೈತುಂಬಾ ರೋಮ ಇರುವ ಕೆಲವು ಕಂಬಳಿಹುಳುಗಳು, ಇವು ಹೆಚ್ಚಾಗಿ ಪತಂಗದ ಮರಿಗಳು, ಅವುಗಳ ರೋಮ ಕಣ್ಣಿಗೆ ಚುಚ್ಚಿಕೊಂಡರೆ ನಿಜಕ್ಕೂ ತೊಂದರೆ. ಆಗ ಕಣ್ಣು ಉಜ್ಜದೆ ಡಾಕ್ಟರ ಹತ್ತಿರ ಹೋಗಬೇಕು. ನಿಮ್ಮ ಕರಿಬೇವಿನ ಹುಳುವಿಗೆ ರೋಮವೇ ಇಲ್ಲ, ಮಗಳು ಕೈಯಲ್ಲಿ ಹತ್ತಿಸಿಕೊಂಡರೂ ಪರವಾಗಿಲ್ಲ.

ಚಿಟ್ಟೆಯ ಬಣ್ಣವೆಲ್ಲ ಈ ಹುರುಪೆಗಳದ್ದು. ಕೆಲವು ಬಣ್ಣ ನಿಜವಾದ ಬಣ್ಣದ ವಸ್ತುವಿನಿಂದ ಬರುತ್ತದೆ. ಮಿರಮಿರ ಮಿನುಗುವ ನೀಲಿ ಮಾತ್ರ ಸಾಮಾನ್ಯವಾಗಿ ಬೆಳಕಿನ ಆಟ, ಹುರುಪೆಯ ಮೇಲಿನ ಅತಿ ಸಣ್ಣ ಗೆರೆಗಳು ಬೆಳಕನ್ನು ಒಡೆದು ನೀಲಿಯನ್ನಷ್ಟೇ ನಮ್ಮ ಕಡೆ ಕಳಿಸುತ್ತವೆ. ಸೋಪಿನ ಗುಳ್ಳೆಗೆ ಬಣ್ಣ ಬರುವುದಕ್ಕೂ ಇದಕ್ಕೂ ನೆಂಟಸ್ತನ ಇದೆ. ಹುರುಪೆಗೆ ಇನ್ನೊಂದು ಕೆಲಸ ಉಂಟು. ಜೇಡರ ಬಲೆಗೆ ಸಿಕ್ಕರೆ ಹುರುಪೆ ಮಾತ್ರ ಬಲೆಗೆ ಅಂಟಿಕೊಂಡು ಚಿಟ್ಟೆಯೋ ಪತಂಗವೋ ಜಾರಿ ತಪ್ಪಿಸಿಕೊಳ್ಳಬಹುದು. ನೊಣಕ್ಕೆ ಆ ಸೌಲಭ್ಯ ಇಲ್ಲ. ಮುಟ್ಟಿದರೆ ಚಿಟ್ಟೆ ಸಾಯುತ್ತದೆ ಅನ್ನುವುದು ಸುಳ್ಳು. ಆದರೆ ಉದುರಿದ ಹುರುಪೆ ಮತ್ತೆ ಬೆಳೆಯುವುದಿಲ್ಲ, ಆದ್ದರಿಂದ ಸುಮ್ನೆ ಹಿಡಿಯುವುದು ಬೇಡ.

ಬಾಯಿ ನನಗೆ ಇನ್ನೂ ಆಶ್ಚರ್ಯದ ವಿಷಯ. ಮರಿಯ ಬಾಯಲ್ಲಿ ಕತ್ತರಿಯಂಥ ದವಡೆ ಇರುತ್ತದೆ, ಮಿಡತೆಗೆ ಇರುವ ಹಾಗೆ. ಅದೇ ಜೀವ ಚಿಟ್ಟೆಯಾದಾಗ ದವಡೆ ಹೋಗಿ ಸ್ಟ್ರಾ ಬಂದಿರುತ್ತದೆ. ಕೋಶದಿಂದ ಹೊರಬಂದ ಹೊಸತರಲ್ಲಿ ಆ ಸ್ಟ್ರಾ ಎರಡು ಸೀಳಾಗಿರುತ್ತದೆ, ಚಿಟ್ಟೆ ಅದನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಜಿಪ್ ಎಳೆದಂತೆ ಸೇರಿಸಿಕೊಳ್ಳಬೇಕು. ಸೇರಿಸಲು ಆಗದಿದ್ದರೆ ಉಪವಾಸವೇ ಗತಿ. ಸೊಳ್ಳೆಯ ಬಾಯಿ ಸೂಜಿ, ನೊಣದ್ದು ಸ್ಪಂಜು, ಚಿಟ್ಟೆಯದ್ದು ಸ್ಟ್ರಾ. ಹಾಗಾಗಿ ಚಿಟ್ಟೆ ಕಚ್ಚುವ ಪ್ರಶ್ನೆಯೇ ಇಲ್ಲ, ಕುಟುಕಲು ಕೊಂಡಿಯೂ ಇಲ್ಲ.

ಚಿಟ್ಟೆ ಬರೀ ಹೂವಿನ ರಸ ಕುಡಿಯುವ ಸಾತ್ವಿಕ ಪ್ರಾಣಿ ಅಂತ ನಂಬಿದವರಿಗೆ ಬೇಜಾರಾಗಬಹುದು. ಬೇಸಿಗೆಯಲ್ಲಿ ಮಲೆನಾಡಿನ ಹಳ್ಳದ ಬದಿಗೆ ಹೋಗಿ ನೋಡಿ, ಒದ್ದೆ ಮರಳಿನ ಮೇಲೆ ನೂರಾರು ಚಿಟ್ಟೆ ಸಭೆ ಸೇರಿರುತ್ತವೆ. ಅವು ಹೀರುವುದು ಮುಖ್ಯವಾಗಿ ಉಪ್ಪಿನಂಶ. ದನ ಉಚ್ಚೆ ಹೊಯ್ದ ಜಾಗ, ಸಗಣಿ, ಸತ್ತ ಏಡಿ ಸಿಕ್ಕರೆ ಇನ್ನೂ ಖುಷಿ. ಸಭೆಯಲ್ಲಿ ಹೆಚ್ಚಿನವರು ಗಂಡುಗಳೇ. ಎಲೆಯಲ್ಲಿ ಉಪ್ಪು ಕಡಿಮೆ, ಹೂವಿನ ರಸದಲ್ಲೂ ಕಡಿಮೆ, ಆದ್ದರಿಂದ ಹೀಗೆ ಕೂಡಿಸಿದ ಉಪ್ಪನ್ನು ಗಂಡು ಕೂಡುವಾಗ ಹೆಣ್ಣಿಗೆ ಉಡುಗೊರೆಯಾಗಿ ಕೊಡುತ್ತದೆ, ಅದು ಮೊಟ್ಟೆಗಳಿಗೆ ಸೇರುತ್ತದೆ.

ಕಣ್ಣಿನಲ್ಲಿ ಜೇನಿಗಿಂತ ಒಂದು ಕೈ ಮೇಲು. ಜೇನಿಗೆ ಕೆಂಪು ಬಣ್ಣ ಸರಿಯಾಗಿ ಕಾಣುವುದಿಲ್ಲ. ನಿಮ್ಮ ಬಾಲದ ಚಿಟ್ಟೆಯಂಥ ಹಲವಕ್ಕೆ ಕಾಣುತ್ತದೆ, ಅದಕ್ಕೇ ದಾಸವಾಳ, ಕೇಪಳದ ಕೆಂಪು ಹೂವಿನ ಮೇಲೆ ಅವುಗಳ ಸವಾರಿ ಜಾಸ್ತಿ. ಆದರೆ ಪರಾಗಸ್ಪರ್ಶದಲ್ಲಿ ಜೇನೇ ದೊಡ್ಡ ಕೆಲಸಗಾರ. ಜೇನು ಮೈತುಂಬಾ ಪರಾಗ ಮೆತ್ತಿಕೊಂಡು, ಕಾಲಿನ ಬುಟ್ಟಿಯಲ್ಲಿ ತುಂಬಿಕೊಂಡು ಹೋಗುತ್ತದೆ. ಚಿಟ್ಟೆ ಉದ್ದ ಕಾಲಿನ ಮೇಲೆ ನಿಂತು, ಉದ್ದ ಸ್ಟ್ರಾ ಇಳಿಸಿ, ಮೈ ಮುಟ್ಟಿಸಿಕೊಳ್ಳದೆ ಕುಡಿದು ಹೋಗುತ್ತದೆ. ಸ್ವಲ್ಪ ಪರಾಗ ಹೊರುತ್ತದೆ, ಇಲ್ಲ ಅನ್ನುವುದಿಲ್ಲ. ತೋಟದ ಬೆಳೆ ಉಳಿಸುವುದೇ ಚಿಟ್ಟೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ಉಪ್ಪು ಖಾರ ಸೇರಿದೆ ಅಂತ ತಿಳಿಯಿರಿ.

ಜೇನು, ಇರುವೆ, ಗೆದ್ದಲಿನಂತೆ ಸಂಸಾರವನ್ನೂ ಚಿಟ್ಟೆ ಮಾಡುವುದಿಲ್ಲ. ರಾಣಿ ಇಲ್ಲ, ಗೂಡಿಲ್ಲ, ಮರಿಗೆ ಊಟ ತಂದುಕೊಡುವ ತಾಯಿಯೂ ಇಲ್ಲ. ತಾಯಿಯ ಜವಾಬ್ದಾರಿ ಒಂದೇ, ಸರಿಯಾದ ಗಿಡದ ಮೇಲೆ ಮೊಟ್ಟೆ ಇಡುವುದು. ಅಲ್ಲಿ ತಪ್ಪಿದರೆ ಎಲ್ಲ ತಪ್ಪಿತು.

ಹೇಳುತ್ತೇನೆ ಅಂದ ಗಿಡದ ಒಪ್ಪಂದ ಇದೇ. ಜಿರಳೆಗೆ ಅನ್ನ, ಪುಸ್ತಕದ ಅಂಟು, ಸೋಪು ಏನಾದರೂ ನಡೆಯುತ್ತದೆ. ಚಿಟ್ಟೆ ಮರಿಗೆ ಹಾಗಲ್ಲ. ನಿಂಬೆ ಚಿಟ್ಟೆಯ ಮರಿಗೆ ನಿಂಬೆ, ಕರಿಬೇವು, ಬಿಲ್ವದ ಬಳಗವೇ ಆಗಬೇಕು. ಪಕ್ಕದಲ್ಲಿ ತುಳಸಿ, ದಾಸವಾಳ ಸೊಂಪಾಗಿ ಬೆಳೆದಿದ್ದರೂ ಮೂಸಿಯೂ ನೋಡದೆ ಹಸಿದು ಸಾಯುತ್ತದೆ. ಪ್ಲೇನ್ ಟೈಗರಿಗೆ ಎಕ್ಕ ಮತ್ತು ಅದರ ನೆಂಟರು. ನಮ್ಮ ರಾಜ್ಯದ ಚಿಟ್ಟೆ ಅಂತ ಗೌರವ ಪಡೆದ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿಯ ಜಾತಿ. ಈ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 14ರಿಂದ 19 ಸೆಂಟಿಮೀಟರ್, ಹಾರುವಾಗ ಸಣ್ಣ ಹಕ್ಕಿ ಅಂತಲೇ ಅನ್ನಿಸುತ್ತದೆ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಿವೆ. ಅಷ್ಟೂ ಬಗೆಗೆ ಬೇರೆ ಬೇರೆ ಗಿಡಗಳ ಪಟ್ಟಿ ಇದೆ, ಅಲ್ಲಿ ಇಷ್ಟು ಚಿಟ್ಟೆ ಇರುವುದಕ್ಕೆ ಅಷ್ಟು ಬಗೆಯ ಗಿಡ ಇರುವುದೇ ಮುಖ್ಯ ಕಾರಣ. ಮನೆ ಮುಂದೆ ನರ್ಸರಿಯಿಂದ ತಂದ ಬಣ್ಣದ ಹೂ ನೆಟ್ಟು 'ಚಿಟ್ಟೆ ತೋಟ' ಅಂತ ಬೋರ್ಡ್ ಹಾಕಿದರೆ ಅದು ಹೋಟೆಲ್ ಆಯಿತು, ಮನೆ ಆಗಲಿಲ್ಲ. ಮರಿಗೆ ಎಲೆ ಕೊಡುವ ಗಿಡ ಇದ್ದರೆ ಮಾತ್ರ ಮನೆ.

ಎಕ್ಕ, ಈಶ್ವರಿ ಬಳ್ಳಿ ಎರಡೂ ವಿಷದ ಗಿಡ. ಮರಿ ಆ ವಿಷವನ್ನೇ ತಿಂದು ಮೈಯಲ್ಲಿ ಕೂಡಿಡುತ್ತದೆ, ಚಿಟ್ಟೆಯಾದ ಮೇಲೂ ವಿಷ ಉಳಿದಿರುತ್ತದೆ. ಒಂದು ಸಲ ತಿಂದು ಕಕ್ಕಿದ ಹಕ್ಕಿ ಆ ಬಣ್ಣವನ್ನು ಮರೆಯುವುದಿಲ್ಲ. ಈಗ ನಿಮ್ಮ ಮನೆಯ ಮಾರ್ಮನ್ ಇಲ್ಲಿ ಆಟ ಹೂಡುತ್ತದೆ. ಕರಿಬೇವು ತಿಂದು ಬೆಳೆದ ಅದರಲ್ಲಿ ಈ ವಿಷ ಇಲ್ಲ. ಆದರೆ ಅದರ ಕೆಲವು ಹೆಣ್ಣುಗಳು ಈಶ್ವರಿ ಬಳ್ಳಿಯ ಮೇಲೆ ಬೆಳೆಯುವ ಕಾಮನ್ ರೋಸ್ ಅಥವಾ ಕ್ರಿಮ್ಸನ್ ರೋಸ್ ಚಿಟ್ಟೆಗಳ ವೇಷ ಹಾಕಿಕೊಂಡೇ ಹುಟ್ಟುತ್ತವೆ. ಗಂಡು ಮಾತ್ರ ಕಪ್ಪು ಮೈಗೆ ಬಿಳಿ ಚುಕ್ಕೆಯ ಸಾಲು. ಗಂಡಿನ ಥರವೇ ಇರುವ ಹೆಣ್ಣೂ ಇದೆ. ಒಂದೇ ಗಿಡದಿಂದ ತೆಗೆದ ನಾಲ್ಕು ಮರಿ ಸಾಕಿ, ಮೂರು ಬಗೆಯ ಚಿಟ್ಟೆ ಬಂದವು, ಏನೋ ಅದಲುಬದಲಾಗಿದೆ ಅಂತ ಗೊಂದಲವಾದರೆ ಆಶ್ಚರ್ಯವಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಕೃಷ್ಣಮೇಘ ಕುಂಟೆ ಮತ್ತು ಜೊತೆಗಾರರು 2014ರಲ್ಲಿ ತೋರಿಸಿದ್ದು ಏನೆಂದರೆ, ಈ ಪೂರ್ತಿ ವೇಷಕ್ಕೆ ಕಾರಣ ಡಬಲ್‌ಸೆಕ್ಸ್ ಎಂಬ ಒಂದೇ ಜೀನ್. ಕೀಟಗಳಲ್ಲಿ ಗಂಡು ಹೆಣ್ಣಿನ ಮೈ ಬೇರೆಬೇರೆಯಾಗಿ ರೂಪುಗೊಳ್ಳಲು ಬೇಕಾದ ಜೀನ್ ಅದು. ಅದನ್ನೇ ಈ ಚಿಟ್ಟೆ ವೇಷಕ್ಕೂ ಬಳಸಿಕೊಂಡಿದೆ.

ಇನ್ನು ಇರುವೆ ಸಹವಾಸ. ಲೈಸೀನಿಡೆ ಅಂತ ಒಂದು ಕುಟುಂಬ, ನೆಲದ ಹತ್ತಿರ ಹಾರುವ ಚಿಕ್ಕ ನೀಲಿ ಚಿಟ್ಟೆಗಳು. ಇವುಗಳಲ್ಲಿ ಹಲವದರ ಮರಿಗಳು ಮೈಯಿಂದ ಸಿಹಿ ದ್ರವ ಒಸರುತ್ತವೆ. ಇರುವೆಗಳು ಅದನ್ನು ಕುಡಿದುಕೊಂಡು ಮರಿಯನ್ನು ಕಾಯುತ್ತವೆ, ದನ ಕಾಯುವ ಹಾಗೆ. ಇದೇ ಕುಟುಂಬದ ಏಪ್‌ಫ್ಲೈ ಅನ್ನುವ ಸಣ್ಣ ಚಿಟ್ಟೆಯದ್ದು ಇನ್ನೂ ಬೇರೆ ದಾರಿ. ಅದರ ಮರಿ ಎಲೆಯನ್ನೇ ಮುಟ್ಟುವುದಿಲ್ಲ. ದಾಸವಾಳಕ್ಕೆ ಬಿಳಿ ಹಿಟ್ಟು ಮೆತ್ತಿದ ಹಾಗೆ ಬರುವ ಹಿಟ್ಟುತಿಗಣೆ ಇದೆಯಲ್ಲ, ಅದನ್ನೇ ತಿಂದು ಬೆಳೆಯುತ್ತದೆ. ಮಾಂಸಾಹಾರಿ ಚಿಟ್ಟೆ ಮರಿ! ಅದರ ಕೋಶವನ್ನು ಮೇಲಿಂದ ನೋಡಿದರೆ ಥೇಟ್ ಕೋತಿಯ ಮುಖ. ಹೆಸರು ಬಂದದ್ದೂ ಅದರಿಂದಲೇ. ಹಿಟ್ಟುತಿಗಣೆಗೆ ಔಷಧಿ ಹೊಡೆಯುವ ಮೊದಲು ಎಲೆಯ ಹಿಂದೆ ಇಂಥ ಕೋತಿ ಮುಖ ಇದೆಯಾ ಅಂತ ಒಮ್ಮೆ ನೋಡಿ.

ಪತಂಗದ ಪ್ರಶ್ನೆ. ಸಾಮಾನ್ಯವಾಗಿ ಚಿಟ್ಟೆಯ ಮೀಸೆ ತುದಿಯಲ್ಲಿ ಗುಂಡಗೆ, ಬೆಂಕಿಕಡ್ಡಿಯ ಥರ. ಪತಂಗದ್ದು ಗರಿಯಂತೆಯೋ ಬರೀ ದಾರದಂತೆಯೋ ಇರುತ್ತದೆ. ಚಿಟ್ಟೆ ಹಗಲು, ಪತಂಗ ರಾತ್ರಿ. ಕೂತಾಗ ಚಿಟ್ಟೆ ರೆಕ್ಕೆಯನ್ನು ಬೆನ್ನ ಮೇಲೆ ಕೈ ಮುಗಿದ ಹಾಗೆ ಜೋಡಿಸುತ್ತದೆ, ಪತಂಗ ಹಾಸಿಕೊಳ್ಳುತ್ತದೆ. ಮೀಸೆಯ ನಿಯಮ ಸುಮಾರು ಗಟ್ಟಿ, ಉಳಿದ ಎರಡಕ್ಕೆ ಬೇಕಾದಷ್ಟು ಅಪವಾದಗಳಿವೆ. ಹಗಲಲ್ಲಿ ಹಾರುವ ಬಣ್ಣದ ಪತಂಗಗಳಿವೆ, ರೆಕ್ಕೆ ಹಾಸಿ ಕೂರುವ ಚಿಟ್ಟೆಗಳೂ ಇವೆ.

ವಂಶವೃಕ್ಷ ನೋಡಿದರೆ ವಿಷಯ ತಿರುಗಿಬಿಡುತ್ತದೆ. ಹುರುಪೆ ರೆಕ್ಕೆಯ ಕೀಟಗಳಲ್ಲಿ ಹೆಸರಿಟ್ಟದ್ದೇ ಸುಮಾರು 1,60,000 ಜಾತಿ, ಅದರಲ್ಲಿ ಚಿಟ್ಟೆಗಳು 18,000ದ ಚಿಲ್ಲರೆ. ಉಳಿದದ್ದೆಲ್ಲ ಪತಂಗ. ಸುಮಾರು 10 ಕೋಟಿ ವರ್ಷದ ಹಿಂದೆ ಪತಂಗಗಳ ಒಂದು ಕವಲು ಹಗಲಿಗೆ ಬಂದು ಚಿಟ್ಟೆಯಾಯಿತು. ಪತಂಗ ದೊಡ್ಡ ಮನೆ, ಚಿಟ್ಟೆ ಅದರಲ್ಲಿ ಕಿಟಕಿ ಪಕ್ಕದ ಒಂದು ಕೋಣೆ. ನಮಗೆ ಹಗಲಲ್ಲಿ ಕಂಡದ್ದು ಚಂದ, ರಾತ್ರಿ ಟ್ಯೂಬ್‌ಲೈಟಿಗೆ ಬಡಿದದ್ದು ಕಾಟ. ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡು ಕೂಡ ಪತಂಗದ್ದೇ. ರೇಷ್ಮೆಹುಳು ತನ್ನ ಸುತ್ತ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಸುತ್ತಿಕೊಳ್ಳುತ್ತದೆ. ಎಳೆ ತುಂಡಾಗಬಾರದು ಅಂತ ಪತಂಗ ಹೊರಬರುವ ಮೊದಲೇ ಗೂಡನ್ನು ಬಿಸಿಗೆ ಒಡ್ಡುತ್ತಾರೆ. ನಿಮ್ಮ ಮಾರ್ಮನ್ ಅಂಥ ಗೂಡು ಕಟ್ಟುವುದಿಲ್ಲ. ಕಡ್ಡಿಯ ಮೇಲೆ ಒಂಚೂರು ರೇಷ್ಮೆ ಗುಪ್ಪೆ ಮಾಡಿ ಬಾಲ ಸಿಕ್ಕಿಸಿ, ಬೆನ್ನಿಗೊಂದು ಎಳೆ ಸುತ್ತಿಕೊಂಡು ಓರೆಯಾಗಿ ನಿಲ್ಲುತ್ತದೆ, ಲೈನ್‌ಮನ್ ಸೊಂಟಕ್ಕೆ ಬೆಲ್ಟ್ ಹಾಕಿ ಕಂಬಕ್ಕೆ ಒರಗಿ ನಿಂತ ಹಾಗೆ.

ಒಳಗೆ ಏನಾಗುತ್ತದೆ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಹುಳುವಿನ ಮೈಯ ಬಹುಭಾಗ ಕರಗಿ, ಮರಿಯಿದ್ದಾಗಲೇ ಮೀಸಲಿಟ್ಟಿದ್ದ ಸಣ್ಣ ಜೀವಕೋಶದ ಗುಂಪುಗಳಿಂದ ರೆಕ್ಕೆ, ಕಾಲು, ಕಣ್ಣು ಹೊಸದಾಗಿ ಬೆಳೆಯುತ್ತವೆ. ಪೂರ್ತಿ ಸಾರಾಗುತ್ತದೆ ಅನ್ನುವುದು ಸ್ವಲ್ಪ ಜಾಸ್ತಿ ಮಾತು. ಉಸಿರಾಟದ ಕೊಳವೆ, ನರಮಂಡಲದ ಒಂದಷ್ಟು ಭಾಗ ಉಳಿದುಕೊಳ್ಳುತ್ತದೆ. 2008ರಲ್ಲಿ ಅಮೆರಿಕದಲ್ಲಿ ಹೊಗೆಸೊಪ್ಪಿನ ಪತಂಗದ ಮರಿಗಳಿಗೆ ಒಂದು ವಾಸನೆ ತೋರಿಸಿ ಸಣ್ಣ ಶಾಕ್ ಕೊಟ್ಟು ನೋಡಿದರು. ಮರಿಯ ಕೊನೆಯ ಹಂತದಲ್ಲಿ ಪಾಠ ಕಲಿತವು ಪತಂಗವಾದ ಮೇಲೂ ಆ ವಾಸನೆಯಿಂದ ದೂರ ಹೋದವು. ಇನ್ನೂ ಚಿಕ್ಕವಿದ್ದಾಗ ಕಲಿತವು ಮರೆತಿದ್ದವು.

ಈ ಮೊಟ್ಟೆ, ಮರಿ, ಕೋಶ, ದೊಡ್ಡದು ಅನ್ನುವ ನಾಲ್ಕು ಹಂತ ಚಿಟ್ಟೆಗೆ ಮಾತ್ರ ಅಂತ ಶಾಲೆಯ ಚಾರ್ಟ್ ನೋಡಿದರೆ ಅನ್ನಿಸುತ್ತದೆ. ನೊಣ, ಸೊಳ್ಳೆ, ಜೇನು, ಇರುವೆ, ಜೀರುಂಡೆ ಎಲ್ಲಕ್ಕೂ ಇದೇ ನಾಲ್ಕು ಹಂತ. ಜಿರಳೆ, ಮಿಡತೆ, ತಿಗಣೆಗಳೇ ಬೇರೆ, ಅವುಗಳ ಮರಿ ಮೊದಲ ದಿನದಿಂದಲೇ ಅಪ್ಪ ಅಮ್ಮನ ಸಣ್ಣ ಪ್ರತಿ. ನಾಲ್ಕು ಹಂತದ ಲಾಭ ಏನೆಂದರೆ ಮರಿಗೂ ದೊಡ್ಡದಕ್ಕೂ ಒಂದೇ ತಟ್ಟೆಯ ಜಗಳ ಇಲ್ಲ. ಮರಿಗೆ ಎಲೆ, ತಾಯಿಗೆ ಹೂವು.

ಆಯುಸ್ಸಿನ ಲೆಕ್ಕ ಬೇಗ ಮುಗಿಸುತ್ತೇನೆ. ಚಿಟ್ಟೆ ಒಂದೇ ದಿನ ಬದುಕುತ್ತದೆ ಅನ್ನುವುದು ತಪ್ಪು. ರೆಕ್ಕೆ ಬಂದ ಮೇಲೆ ಹೆಚ್ಚಿನವು ಎರಡರಿಂದ ನಾಲ್ಕು ವಾರ ಇರುತ್ತವೆ. ವಲಸೆ ಹೋಗುವ ಜಾತಿಗಳು ತಿಂಗಳುಗಟ್ಟಲೆ. ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಮುಂತಾದವು ಮುಂಗಾರಿನ ಮುಂಚೆ ಘಟ್ಟದಿಂದ ಪೂರ್ವದ ಬಯಲಿಗೆ ಹಾರಿ, ಮಳೆಗಾಲ ಮುಗಿದ ಮೇಲೆ ಮತ್ತೆ ಘಟ್ಟದ ಕಡೆ ಬರುವ ದಿಬ್ಬಣವನ್ನು ಬೆಂಗಳೂರಿನವರೂ ನೋಡಿರುತ್ತಾರೆ, ಸಿಗ್ನಲ್ಲಿನಲ್ಲಿ ನಿಂತಾಗ ತಲೆ ಮೇಲೆ ಒಂದೇ ದಿಕ್ಕಿಗೆ ಹೋಗುತ್ತಿರುತ್ತವೆ. ದೂರದ ಪಂದ್ಯ ಇಟ್ಟರೆ ಮಾತ್ರ ಆ ಏರೋಪ್ಲೇನ್ ಚಿಟ್ಟೆ ಬಳಗದ ಒಂದು ಜಾತಿ ಇವನ್ನು ಹಿಂದೆ ಹಾಕುತ್ತದೆ. ಅದು ಭಾರತದಿಂದ ಮಾಲ್ಡೀವ್ಸ್ ಮೇಲೆ ಹಾಯ್ದು ಪೂರ್ವ ಆಫ್ರಿಕಾ ಕಡೆಗೆ ಸಮುದ್ರ ದಾಟುತ್ತದೆ.

ಈಗ ನಿಮ್ಮ ಗಿಡ. ಮೊಣಕಾಲಿಗಿಂತ ಎತ್ತರ ಇದ್ದರೆ ಬಿಟ್ಟುಬಿಡಿ. ಕರಿಬೇವು ಗಟ್ಟಿ ಗಿಡ, ಬೋಳಾದರೂ ಚಿಗುರುತ್ತದೆ. ಚಿಕ್ಕ ಗಿಡವಾದರೆ ಎರಡು ಹುಳು ಉಳಿಸಿ, ಉಳಿದವನ್ನು ಎಲೆ ಸಮೇತ ಯಾವುದಾದರೂ ನಿಂಬೆ, ಬಿಲ್ವದ ಗಿಡಕ್ಕೆ ದಾಟಿಸಿ. ಅಡುಗೆಗೆ ಕೀಳುವ ಸೊಪ್ಪಿಗೆ ಔಷಧಿ ಹೊಡೆಯುವುದು ನನಗಂತೂ ಇಷ್ಟವಿಲ್ಲ, ಒಗ್ಗರಣೆಗೆ ಸೇರುವುದು ನೀವು ಹೊಡೆದದ್ದೇ ಅಲ್ವಾ? ನಿಂಬೆ ಸಸಿಗಳ ನರ್ಸರಿ ಇಟ್ಟವರಿಗೆ ಮಾತ್ರ ಹೀಗೆ ಹೇಳಲಾರೆ, ಅವರಿಗೆ ಇದೇ ಹುಳು ನಿಜವಾದ ನಷ್ಟ.

ಹೊಟ್ಟೆ ತುಂಬಿದ ಹುಳು ಒಂದು ದಿನ ನೀರು ನೀರಾಗಿ ಹಿಕ್ಕೆ ಹಾಕಿ, ಗಿಡ ಬಿಟ್ಟು ಅಲೆಯಲು ಹೊರಡುತ್ತದೆ. ಕಾಯಿಲೆ ಅಲ್ಲ, ಜಾಗ ಹುಡುಕುತ್ತಿದೆ. ಗೋಡೆ, ಕುಂಡದ ಅಂಚು, ಬಟ್ಟೆ ಒಣಗಿಸುವ ತಂತಿ ಎಲ್ಲಾದರೂ ಕೋಶ ಸಿಗಬಹುದು. ಹಸಿರು ಕಡ್ಡಿಯಲ್ಲಿದ್ದರೆ ಹಸಿರು, ಒಣ ಕಡ್ಡಿಯಲ್ಲಿದ್ದರೆ ಕಂದು ಬಣ್ಣ ಇರುವುದೇ ಜಾಸ್ತಿ. ಚಿಟ್ಟೆಯ ಬದಲು ಪುಟ್ಟ ತೂತಿನಿಂದ ಸಾಸಿವೆ ಗಾತ್ರದ ಕಣಜಗಳು ಬಂದರೆ ಮಗಳನ್ನು ಮೊದಲೇ ಸಿದ್ಧ ಮಾಡಿಟ್ಟಿರಿ. ಹುಳುವಿನೊಳಗೆ, ಕೋಶದೊಳಗೆ ಮೊಟ್ಟೆ ಇಡುವ ಆ ಕಣಜಗಳಿಗೂ ಹಸಿವಿದೆ, ತಾಯಿ ಚಿಟ್ಟೆ ಇಟ್ಟ ಮೊಟ್ಟೆಗಳಲ್ಲಿ ಚಿಟ್ಟೆಯಾಗುವುದು ಕೆಲವೇ. ಎಲ್ಲ ಸರಿ ಹೋದರೆ ಒಂದೆರಡು ವಾರದಲ್ಲಿ ಕೋಶ ಕಪ್ಪಾಗಿ, ಒಳಗಿನ ರೆಕ್ಕೆಯ ಚಿತ್ತಾರ ಹೊರಗೇ ಕಾಣುತ್ತದೆ. ಮರುದಿನ ಬೆಳಿಗ್ಗೆ ಹೊರಬರುವ ಸಂಭವ ಜಾಸ್ತಿ. ಮುದುಡಿದ ರೆಕ್ಕೆಗೆ ದ್ರವ ತುಂಬಿ ಬಿಚ್ಚಿಕೊಳ್ಳಲು ಸುಮಾರು ಕಾಲು ಗಂಟೆ, ಒಣಗಿ ಹಾರಲು ಇನ್ನೂ ಒಂದೆರಡು ಗಂಟೆ. ಆ ದಿನ ಮಗಳು ತಡವಾಗಿ ಬರುತ್ತಾಳೆ ಅಂತ ಶಾಲೆಗೆ ಮೊದಲೇ ಹೇಳಿಟ್ಟಿರಿ.